ಹೊಸ ಡೇಟಾಬೇಸಿಗೆ ಬೇಡವಾದ ಬಾಲಗಳು

ಕರೆಂಟು ಹೋಗಬಹುದಿತ್ತು. ಹೋದ ಕರೆಂಟು ಬರುವಾಗ ಸೊಕ್ಕಿನಿಂದ ಬಂದು ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಏನನ್ನಾದರೂ ಸುಡಬಹುದಿತ್ತು. ಬೆಂಗಳೂರಿನಿಂದ ಬರುವ ಎಂಜಿನಿಯರ್ ಹುಡುಗನ ಬಸ್ಸು ಘಾಟಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಅವನು ಸರಿಯಾದ ಹೊತ್ತಿಗೆ ಬಂದು, ಅವನ ಬ್ಯಾಗು ಮಾತ್ರ ಮಂಗಳೂರಿಗೆ ಹೋಗಬಹುದಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಕಡೆ ಚಪ್ಪಲಿಗೆ, ಬೆಲ್ಟಿಗೆ, ಮದುವೆಯ ಆಲ್ಬಮ್ಮಿಗೆ ಹಿಡಿಯುವ ಬೂಷ್ಟು ಮಾಹಿತಿ ತುಂಬಿದ ಟೇಪಿಗೆ ಮಾತ್ರ ಹಿಡಿಯದೆಂದು ಯಾರು ಬರೆದುಕೊಟ್ಟಿದ್ದಾರೆ? ಇಲಿ ವಯರು ಕಡಿಯಬಹುದಿತ್ತು. ಕಾಪುವಿನ ಹೆಸರುಗಳು ಕಾರ್ಕಳಕ್ಕೆ ಹೋಗಿ ಕೂತು, ಕಾರ್ಕಳದ ರಕ್ತದೊತ್ತಡವೆಲ್ಲ ಉಡುಪಿಯವರಿಗೆ ಅಂಟಿಕೊಳ್ಳಬಹುದಿತ್ತು. ಗಂಡಸರೆಲ್ಲ ಹೆಂಗಸರಾಗಬಹುದಿತ್ತು. ಎಂದೋ ತೀರಿಕೊಂಡು ಪಟ್ಟಿಯಿಂದ ಹೊರಟುಹೋದವರು ಹಳೆಯ ಟೇಪಿನಿಂದ ಎದ್ದು ಬಂದು ತಮ್ಮ ಕಾರ್ಡು ಎಲ್ಲಿ ಎಂದು ಕೇಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಟ್ರಸ್ಟಿನ ನಿರ್ದೇಶಕರು ಏಸಿಯ ತಂಪಿಗೆ ಆಸೆಪಟ್ಟು ಒಳಗೆ ಬಂದು, "ಇದು ಎಂತ ಬಟನ್?" ಎಂದು ಕೇಳಿ, ಉತ್ತರ ಬರುವ ಮೊದಲೇ ಒತ್ತಿಬಿಡಬಹುದಿತ್ತು.

ಇವು ಯಾವುವೂ ಆಗಲಿಲ್ಲ. ಇವೆಲ್ಲ ಆದರೆ ಏನು ಮಾಡಬೇಕು ಎಂಬುದಕ್ಕೆ ನನ್ನಲ್ಲಿ ಸಿದ್ಧ ಉತ್ತರಗಳಿದ್ದವು. ಇಲಿಗೆ ಬೋನು ಇಟ್ಟಿದ್ದೆ. ಟೇಪನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟರೆ ಹೇಗೆ ಎಂದು ಕೇಳಿ ನಗೆಪಾಟಲಾಗಿದ್ದೆ. ನಾನು ಹುಟ್ಟಿನಿಂದಲೇ ಹೀಗೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ಹೋಗುವಾಗಲೂ ಕಾಲು ಜಾರಿದರೆ ಯಾವ ಕಡೆಗೆ ಬೀಳುವುದು ಒಳ್ಳೆಯದು ಎಂದು ನೋಡಿಕೊಂಡೇ ಹೋಗುವವಳು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಣಿಪಾಲದಲ್ಲಿ ಒಂದು ಚಿಕ್ಕ ಟ್ರಸ್ಟಿನ ಕಂಪ್ಯೂಟರ್ ವಿಭಾಗಕ್ಕೆ ನಾನು ಮುಖ್ಯಸ್ಥೆ. ವಿಭಾಗ ಎಂದರೆ ಬಾಡಿಗೆ ಕಟ್ಟಡದ ಮಹಡಿಯಲ್ಲಿ ಒಂದು ಕೋಣೆ, ಒಂದು ಯಂತ್ರ, ನಾನು ಮತ್ತು ಕಾಪುವಿನ ಒಬ್ಬ ಸಹೋದ್ಯೋಗಿ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಆಫೀಸಿನಲ್ಲಿ ಕನ್ನಡ, ಕೋಪ ಬಂದರೆ ಇಂಗ್ಲಿಷ್ ಮಾತಾಡುವ ಮನುಷ್ಯ. ಅವರ ಇಂಗ್ಲಿಷನ್ನು ನಾನು ಕೇಳಿದ್ದು ಕಡಿಮೆ. ಟ್ರಸ್ಟಿಗೆ ಉಡುಪಿ, ಕಾಪು, ಕಾರ್ಕಳಗಳಲ್ಲಿ ಒಂದೊಂದು ಆರೋಗ್ಯ ಕೇಂದ್ರವಿತ್ತು. ಸದಸ್ಯರಾದವರಿಗೆ ಒಂದು ಕಾರ್ಡು. ಕಾರ್ಡು ತೋರಿಸಿದರೆ ತಪಾಸಣೆ. ಒಂದು ಮನೆಗೆ ಒಂದೇ ಕಾರ್ಡು. ಮನೆ ಎಂದರೇನು ಎಂಬ ಪ್ರಶ್ನೆಗೆ ಟ್ರಸ್ಟಿನವರು ರೇಶನ್ ಕಾರ್ಡಿನವರ ಉತ್ತರವನ್ನೇ ಎತ್ತಿಕೊಂಡಿದ್ದರು: ಒಂದು ಒಲೆ. ಒಂದೇ ಮಾಡಿನ ಕೆಳಗೆ ಎರಡು ಒಲೆ ಉರಿದರೆ ಎರಡು ಮನೆ, ಎರಡು ಕಾರ್ಡು.

ನಾನು ಮೂಲತಃ ಗಣಿತದ ಟೀಚರ್. ಎಪ್ಪತ್ತರ ದಶಕದಿಂದ ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದವಳು, ಸಂಬಳವಿಲ್ಲದ ರಜೆ ಹಾಕಿ ಈ ಕೆಲಸಕ್ಕೆ ಬಂದಿದ್ದೆ. ಆ ರಜೆ ಮುಗಿಯುವ ಹೊತ್ತಿಗೇ ಟ್ರಸ್ಟಿನವರು ಬೆಂಗಳೂರಿನ ಕಂಪನಿಯೊಂದರಿಂದ ಹೊಸ ಯಂತ್ರ ತಂದರು. ಭಾನುವಾರ ಹಳೆಯ ಯಂತ್ರದಲ್ಲಿದ್ದದ್ದನ್ನೆಲ್ಲ ಹೊಸತಕ್ಕೆ ದಾಟಿಸುವುದು, ಮಂಗಳವಾರ ಕಾಪುವಿನಲ್ಲಿ ಸಭೆ ಮಾಡಿ ಹೊಸ ಯಂತ್ರದ ಕಾರ್ಡುಗಳನ್ನು ಮುಖ್ಯ ಅತಿಥಿಗಳ ಕೈಯಿಂದ ಹಂಚಿಸುವುದು ಎಂದು ನಿಶ್ಚಯವಾಯಿತು. ನಿರ್ದೇಶಕರು ನನ್ನನ್ನು ಕರೆಸಿ ಹೇಳಿದರು:

"ಕಾಪುವಿನ ಕಾರ್ಯಕ್ರಮ ಚಂದ ಆದರೆ ನೀವು ಖಾಯಂ. ಆಗದಿದ್ದರೆ ಬೆಂಗಳೂರಿನವರಿಗೇ ಎಲ್ಲ ಕೊಟ್ಟುಬಿಡುವ, ಅಲ್ವಾ?"

ಆ 'ಅಲ್ವಾ'ಕ್ಕೆ ನಾನು ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯದೆ ನಕ್ಕೆ. ಅತ್ತ ಹೆಡ್ಮಾಸ್ಟರರು ಕಾರ್ಕಳದ ಬಸ್ ನಿಲ್ದಾಣದಲ್ಲಿ ಸಿಕ್ಕಿ, "ಶನಿವಾರದ ಒಳಗೆ ಹೇಳಿ ಟೀಚರ್. ನೀವು ಬರುದಿಲ್ಲ ಅಂತಾದರೆ ನಾವು ಬೇರೆಯವರನ್ನು ಹಾಕ್ತೇವೆ" ಎಂದರು. ಮನೆಯಲ್ಲಿ ಅತ್ತೆಯವರು ವಿಷಯ ಕೇಳಿ, ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆಯೇ ಕೇಳಿದರು: "ಇದ್ದ ಕೆಲಸ ಬಿಡುದು ಎಂತಕ್ಕೆ ಮಾರಾಯ್ತಿ? ಮೆಷಿನಿಗೆ ಪೆನ್ಶನ್ ಉಂಟಾ?"

ಮೆಷಿನಿಗೆ ಪೆನ್ಶನ್ ಇರಲಿಲ್ಲ. ಆದರೂ ನಾನು ಶನಿವಾರ ಹೆಡ್ಮಾಸ್ಟರರಿಗೆ ಬರುವುದಿಲ್ಲ ಎಂದುಬಿಟ್ಟೆ. ಎಲ್ಲದಕ್ಕೂ ಹೆದರುವವರು ನಡುನಡುವೆ ಹೀಗೆ ಕಣ್ಣುಮುಚ್ಚಿ ಹಾರುವುದುಂಟು. ಹೆದರಿ ಹೆದರಿ ಸುಸ್ತಾದಾಗ ಮಾಡುವ ಕೆಲಸ ಅದು, ಧೈರ್ಯವಲ್ಲ. ಹಾಗಾಗಿ ಭಾನುವಾರದ ಹೊತ್ತಿಗೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನದು ಇನ್ನೂ ತೆರೆಯದೆ, ನಾನು ಜಗಲಿಯಲ್ಲಿ ನಿಂತಂತಿದ್ದೆ.

ದಾಟಿಸುವುದು ಸುಲಭ ಎಂದು ಎಲ್ಲರೂ ಹೇಳಿದ್ದರು. ಹಳೆಯ ಡೇಟಾಬೇಸೂ ಹೊಸ ಡೇಟಾಬೇಸೂ ಮಾತಾಡುವ ಭಾಷೆ ಒಂದೇ, ಎಸ್‌ಕ್ಯೂಎಲ್. ಆದರೆ ಕುಂದಾಪುರದವರೂ ಹುಬ್ಬಳ್ಳಿಯವರೂ ಮಾತಾಡುವುದು ಒಂದೇ ಕನ್ನಡ ಎಂದ ಹಾಗೆ ಅದು. ಯಂತ್ರದೊಳಗೆ ಮಾಹಿತಿ ಇಡುವ ಕೋಷ್ಟಕಕ್ಕೆ ನಾವು ಟೇಬಲ್ ಎನ್ನುತ್ತಿದ್ದೆವು. ಟೇಬಲ್ ಕಟ್ಟುವಾಗ ಹೆಸರು, ಊರು, ವಯಸ್ಸು ಎಂದು ಕಂಬಸಾಲುಗಳನ್ನು ಹೇಳುವ ತನಕ ಎರಡು ಯಂತ್ರಗಳಿಗೂ ಜಗಳವಿಲ್ಲ. ಅದು ಮುಗಿದ ಮೇಲೆ ಕೊನೆಗೆ ಒಂದು ಬಾಲ ಬರುತ್ತದೆ: ಈ ಟೇಬಲನ್ನು ಇಂಥ ಡಿಸ್ಕಿನಲ್ಲಿಡು, ಪ್ರತಿ ಪುಟದಲ್ಲಿ ಇಷ್ಟು ಜಾಗ ಖಾಲಿ ಬಿಡು, ಆಗುವ ಬದಲಾವಣೆಗಳನ್ನೆಲ್ಲ ಬರೆದಿಡು. ಇವಕ್ಕೆ ಆಪ್ಷನ್ ಎನ್ನುತ್ತಾರೆ. ಒಂದೊಂದು ಡೇಟಾಬೇಸಿನ ಬಾಲ ಒಂದೊಂದು ತರಹ. ಹಳೆಯದರ ಬಾಲ ಹೊಸತಕ್ಕೆ ಅರ್ಥವಾಗುವುದಿಲ್ಲ.

ಬೆಂಗಳೂರಿನ ಹುಡುಗ ಶನಿವಾರವೇ ಬಂದು, ಲೋಟದಲ್ಲಿದ್ದ ಬಿಸಿ ಕಾಫಿ ಊದುತ್ತ, ಇದು ದಿನವೂ ಇರುವ ಕೆಲಸ ಎಂಬಂತೆ ಹೇಳಿದ: "ಮೇಡಂ, ನಮ್ದಕ್ಕೆ ಗೊತ್ತಿಲ್ದಿರೋ ಆಪ್ಷನ್ ಬಂದ್ರೆ ಮೂರು ಥರ ಮಾಡ್ಬಹುದು. ಸುಮ್ನೆ ಬಿಟ್ಟುಬಿಡೋದು. ಇಲ್ಲ ವಾರ್ನಿಂಗ್ ಕೊಟ್ಟು ಮುಂದಕ್ಕೆ ಹೋಗೋದು. ಇಲ್ಲ ಎರರ್ ಕೊಟ್ಟು ನಿಲ್ಸಿಬಿಡೋದು. ಯಾವ್ದು ಹಾಕ್ಲಿ?"

ನನಗೆ ಈ ಮೂರೂ ಮೊದಲೇ ಪರಿಚಯ. ಮದುವೆಯಾಗಿ ಕಾರ್ಕಳದಿಂದ ಉಡುಪಿಗೆ ನಾನು ದಾಟಿ ಬಂದಾಗ ನನಗೂ ಒಂದು ಬಾಲವಿತ್ತು. ಇವಳಿಗೆ ರಾತ್ರಿ ಕುಚ್ಚಿಗೆ ಅಕ್ಕಿಯ ಗಂಜಿಯೇ ಆಗಬೇಕು, ಬಸಳೆ ಮುಟ್ಟುವುದಿಲ್ಲ, ಮಧ್ಯಾಹ್ನ ಸ್ವಲ್ಪ ಒರಗಿ ಅಭ್ಯಾಸ ಎಂದು ನಮ್ಮಮ್ಮ ಹೇಳಿ ಕಳಿಸಿದ್ದರು. ಅತ್ತೆ ಎಲ್ಲದಕ್ಕೂ ತಲೆ ಆಡಿಸಿದ್ದರು. ಮಾರನೆಯ ದಿನದಿಂದ ಬೆಳ್ತಿಗೆ ಅನ್ನ, ಬಸಳೆ, ಮಧ್ಯಾಹ್ನ ಬಿಸಿಲಿಗಿಟ್ಟ ಹಪ್ಪಳ ಕಾಯುವ ಕೆಲಸ. ಅವರಲ್ಲಿ ಕೆಟ್ಟ ಮನಸ್ಸಿರಲಿಲ್ಲ, ಬಾಲ ಅವರ ಕಿವಿಗೆ ಬಿದ್ದೇ ಇರಲಿಲ್ಲ. ನನ್ನ ಅಕ್ಕನನ್ನು ಹಿರಿಯಡ್ಕಕ್ಕೆ ಕೊಟ್ಟದ್ದು. ಆ ಅತ್ತೆ ಹೊಸ್ತಿಲಲ್ಲೇ ನಿಲ್ಲಿಸಿ, "ಅದೆಲ್ಲ ಇಲ್ಲಿ ನಡೆಯುದಿಲ್ಲ. ಒಪ್ಪಿಗೆ ಆದರೆ ಬಲಗಾಲು ಇಡು" ಎಂದಿದ್ದರಂತೆ. ವಾರ್ನಿಂಗ್ ಕೊಡುವ ತರಹದ ಅತ್ತೆ ನಮ್ಮ ಪಕ್ಕದ ಮನೆಯಲ್ಲಿದ್ದರು. ಸೊಸೆ ಮಾಡಿದ್ದಕ್ಕೆ ಅಡ್ಡಿ ಇಲ್ಲ, ಆದರೆ ಬಂದವರಿಗೆಲ್ಲ ಹೇಳುವುದು: "ನಮ್ಮವಳಿಗೆ ಬೆಳಿಗ್ಗೆ ಚಾ ಆಗಬೇಕಂತೆ, ಕಾಫಿ ಆಗುದಿಲ್ಲಂತೆ. ಇರಲಿ, ನನಗೆಂತ?" ಹೇಳಿದ ಮೇಲೆ ಅವರ ಜವಾಬ್ದಾರಿ ಮುಗಿಯಿತು.

ನನ್ನ ಮನಸ್ಸು ಹಿರಿಯಡ್ಕದ ಅತ್ತೆಯ ಕಡೆಗಿತ್ತು. ಪ್ರತಿ ಬಾಲಕ್ಕೂ ಕೆಲಸ ನಿಲ್ಲಲಿ, ಕೂತು ಯೋಚಿಸಿ ಮುಂದುವರಿಯುವ ಎಂದೆ. ನಿರ್ದೇಶಕರು ಶನಿವಾರ ಮಧ್ಯಾಹ್ನವೇ ಮೀಟಿಂಗ್ ಕರೆದರು. ಟ್ರಸ್ಟಿನಲ್ಲಿ ಮೀಟಿಂಗ್ ಎಂದರೆ ಗೋಳಿಬಜೆ ತರಿಸಿ ನಿರ್ದೇಶಕರ ಅಭಿಪ್ರಾಯಕ್ಕೆ ಉಳಿದವರು ಬಂದು ಸೇರುವುದು.

ತೊಂದರೆ ಏನೆಂದರೆ, ಈ ಬಾಲಗಳನ್ನು ಬರೆದವರು ನಾವಲ್ಲ. ನನಗಿಂತ ಮೊದಲು ಆ ಕೆಲಸದಲ್ಲಿದ್ದವರು ಬರೆದಿಟ್ಟು ಮಸ್ಕತ್ತಿಗೆ ಹೋಗಿದ್ದರು. ಯಾವುದನ್ನು ಏಕೆ ಬರೆದರೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ತೆಗೆಯಲು ನನಗೆ ಭಯ. ಮನೆಗಳಲ್ಲಿ ಶುಕ್ರವಾರ ಉಗುರು ತೆಗೆಯಬಾರದು ಎಂದಿರುತ್ತದಲ್ಲ, ಕಾರಣ ಗೊತ್ತಿದ್ದರೆ ವಾದ ಮಾಡಬಹುದು.

ಇಂಥ ಡಿಸ್ಕಿನಲ್ಲಿಡು ಎಂಬ ಬಾಲವನ್ನು ಒಂದೇ ನಿಮಿಷದಲ್ಲಿ ಕತ್ತರಿಸಿದರು, ಏಕೆಂದರೆ ಹೊಸ ಯಂತ್ರದಲ್ಲಿ ಇದ್ದದ್ದೇ ಒಂದು ಡಿಸ್ಕು. ಖಾಲಿ ಜಾಗದ ವಿಷಯಕ್ಕೆ ಬಂದಾಗ ನಿರ್ದೇಶಕರಿಗೆ ಆಸಕ್ತಿ ಹುಟ್ಟಿತು.

"ಪುಟದಲ್ಲಿ ಖಾಲಿ ಬಿಡುದು ಎಂತಕ್ಕೆ? ಇಷ್ಟು ದುಡ್ಡು ಕೊಟ್ಟು ತಂದದ್ದು ಖಾಲಿ ಇಡ್ಲಿಕ್ಕಾ?"

"ಮುಂದೆ ಬರುವವರಿಗೆ ಸರ್," ಎಂದರು ನನ್ನ ಸಹೋದ್ಯೋಗಿ. "ಬಸ್ಸಿನ ಸೀಟಿಗೆ ಟವೆಲು ಹಾಕಿದ ಹಾಗೆ."

"ಟವೆಲು ಹಾಕುದು ತಪ್ಪಲ್ವಾ?"

"ತಪ್ಪು ಸರ್. ಆದರೆ ಹಾಕದಿದ್ದರೆ ಸೀಟು ಸಿಗುದಿಲ್ಲ."

ಇದರ ಮೇಲೆ ಅರ್ಧ ಗಂಟೆ ಚರ್ಚೆಯಾಯಿತು. ಟವೆಲಿನ ಪರ ಮತ್ತು ವಿರೋಧ ಎರಡೂ ಕಡೆಗೆ ನಿರ್ದೇಶಕರೇ ಮಾತಾಡಿದರು. ಹುಡುಗ ಕೊನೆಗೆ, "ಸಾರ್, ಅದು ನಮ್ದ್ರಲ್ಲೂ ಇದೆ, ಹೆಸರು ಬೇರೆ ಅಷ್ಟೆ" ಎಂದಾಗ ಎಲ್ಲರಿಗೂ ಸ್ವಲ್ಪ ನಿರಾಶೆಯಾಯಿತು. ಬದಲಾವಣೆಗಳನ್ನು ಬರೆದಿಡು ಎಂಬ ಬಾಲಕ್ಕಾಗಿ ನಾನು ಪಟ್ಟು ಹಿಡಿದೆ. ನಾಳೆ ಏನಾದರೂ ಹಾಳಾದರೆ ಎಂದು ಶುರು ಮಾಡಿ, ನಾಡಿದ್ದು ಹಾಳಾದರೆ ಎಂಬಲ್ಲಿಗೆ ಬರುವಷ್ಟರಲ್ಲಿ ಗೋಳಿಬಜೆ ಮುಗಿದಿತ್ತು. ಹಸಿದ ನಿರ್ದೇಶಕರಿಗಿಂತ ತಿಂದು ಮುಗಿಸಿದ ನಿರ್ದೇಶಕರು ಹೆಚ್ಚು ಅವಸರದವರು.

ಕೊನೆಯ ಬಾಲ ಸದಸ್ಯರ ಟೇಬಲಿನದು. ಅಕ್ಷರಕ್ಕೆ ಅಕ್ಷರ ಒಂದೇ ಆದ ಸಾಲು ಎರಡನೆಯ ಸಲ ಬಂದರೆ ಅದನ್ನು ಸದ್ದಿಲ್ಲದೆ ಬಿಟ್ಟುಬಿಡು ಎಂದು ಅದರಲ್ಲಿತ್ತು.

"ಇದು ನಮ್ದ್ರಲ್ಲಿಲ್ಲ," ಎಂದ ಹುಡುಗ. "ಬೇಕಾದ್ರೆ ಬೇರೆ ಕಾವಲು ಹಾಕ್ಬಹುದು. ಒಂದೇ ಥರದ್ದು ಎರಡ್ನೇ ಸಲ ಬಂದ್ರೆ ಎರರ್ ಅಂತ ಕೂಗುತ್ತೆ."

"ಕೂಗುದು ಬೇಡ," ಎಂದರು ನಿರ್ದೇಶಕರು. "ಕಾರ್ಯಕ್ರಮದ ವಾರದಲ್ಲಿ ಎರರ್ ಎಂಬ ಶಬ್ದವೇ ಬೇಡ. ಎಂತ ಹೇಳ್ತೀರಿ ಟೀಚರ್?"

ಟ್ರಸ್ಟಿನಲ್ಲಿ ಎಲ್ಲರಿಗೂ ನಾನು ಟೀಚರೇ. ನಾನು ಒಂದು ಕ್ಷಣವೂ ಯೋಚಿಸದೆ ಹೇಳಿದೆ: "ಅದು ಅಗತ್ಯವಿಲ್ಲ ಸರ್. ಒಂದೇ ಮನೆಯವರನ್ನು ಎರಡು ಸಲ ಬರೆಯುವಷ್ಟು ಪುರುಸೊತ್ತು ನಮ್ಮಲ್ಲಿ ಯಾರಿಗುಂಟು?" ಎಲ್ಲರೂ ನಕ್ಕರು. ನನ್ನ ಬದುಕಿನಲ್ಲಿ ನಾನು ಚಿಂತೆ ಮಾಡದೆ ಬಿಟ್ಟ ವಿಷಯ ಅದೊಂದೇ ಇರಬೇಕು, ಆ ಹಗುರ ಇನ್ನೂ ನೆನಪಿದೆ.

ನಿರ್ದೇಶಕರು ತೀರ್ಪು ಕೊಟ್ಟರು: ಎಲ್ಲದಕ್ಕೂ ವಾರ್ನಿಂಗ್ ಕೊಟ್ಟು ಮುಂದಕ್ಕೆ ಹೋಗುವುದು. "ಹೇಳಿದ ಹಾಗೂ ಆಯ್ತು, ನಿಂತ ಹಾಗೂ ಆಗ್ಲಿಲ್ಲ." ಪಕ್ಕದ ಮನೆಯ ಅತ್ತೆಗೆ ಬಹುಮತ ಬಂತು.

ಭಾನುವಾರ ಹಗಲಿಡೀ ಪ್ರಿಂಟರು ವಾರ್ನಿಂಗುಗಳನ್ನು ಉಗುಳಿತು. ಕಾಗದ ಮೇಜಿನಿಂದ ಇಳಿದು ನೆಲದಲ್ಲಿ ಮಡಿಕೆಬಿದ್ದು ಮೊಣಕಾಲಿನ ಎತ್ತರಕ್ಕೆ ಬಂದಾಗ ನಿರ್ದೇಶಕರು ಬಂದು ನೋಡಿ, "ಎಷ್ಟು ಕೆಲಸ ಆಯ್ತಲ್ವಾ" ಎಂದು ಸಂತೋಷಪಟ್ಟರು. ಯಾವ ಬಟನನ್ನೂ ಒತ್ತಲಿಲ್ಲ. ಸಂಜೆ ಹಳೆಯದರಲ್ಲಿದ್ದ ಸದಸ್ಯರೂ ಹೊಸತರಲ್ಲಿದ್ದ ಸದಸ್ಯರೂ ಲೆಕ್ಕಕ್ಕೆ ಸರಿಯಾದರು. ಗಂಡಸರು ಗಂಡಸರಾಗಿಯೇ ಇದ್ದರು. ಬೋನಿಗೆ ಇಲಿಯೂ ಬೀಳಲಿಲ್ಲ. ಮನೆಗೆ ಹೋಗಿ ಎರಡು ಲೋಟ ನೀರು ಕುಡಿದೆ. ಅತ್ತೆ, "ಎಂತ, ಮೆಷಿನ್ ಸತ್ತಿತಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ ಮುಖ ಎಂತಕ್ಕೆ ಹಾಗೆ?" ಎಂದರು. ಏನೂ ಆಗಲಿಲ್ಲವಲ್ಲ ಎಂಬುದೇ ಆಗ ನನ್ನ ಚಿಂತೆ.

ಮಂಗಳವಾರ ಬೆಳಿಗ್ಗೆ ಕಾಪುವಿಗೆ ಬೇಕಾದ ಕಾರ್ಡುಗಳನ್ನು ಅಚ್ಚು ಹಾಕಿದೆವು. ಅಕ್ಷರಗಳು ಓರೆಯಾಗಿವೆಯೇ ಎಂದು ನಾನು ಮತ್ತೆ ಮತ್ತೆ ನೋಡಿ, ರಬ್ಬರ್ ಬ್ಯಾಂಡ್ ಹಾಕಿ, ಅದು ಕಡಿದರೆ ಎಂದು ಇನ್ನೊಂದನ್ನೂ ಹಾಕಿದೆ. ಹಳೆಯ ಸದಸ್ಯರ ಕಾರ್ಡುಗಳು ಮೇಲೆ. ಹೊಸ ಯಂತ್ರಕ್ಕೆ ಸೋಮವಾರ ಸೇರಿದ ಮೊದಲ ಹೊಸ ಸದಸ್ಯರದು, ಗೌರವಕ್ಕಾಗಿ, ಕೊನೆಗೆ. ಅದು ಕಾಪುವಿನ ಒಂದು ದೊಡ್ಡ ಮನೆ. ಅಣ್ಣ ತಮ್ಮ ಇಬ್ಬರೂ ಹೆಂಡತಿ ಮಕ್ಕಳೊಡನೆ ಒಟ್ಟಿಗೆ ಇದ್ದವರು. ಅಂಥ ಒಗ್ಗಟ್ಟು ಸುತ್ತಮುತ್ತ ಎಲ್ಲೂ ಇಲ್ಲವೆಂದು ಎಲ್ಲರೂ ಹೇಳುವ ಮನೆ. ಎಲ್ಲರೂ ಹೇಳುತ್ತಿದ್ದುದರಿಂದ ಅವರಿಗೂ ಬೇರೆ ದಾರಿ ಇರಲಿಲ್ಲವೋ ಏನೋ.

ಸಭೆ ಚಂದವೇ ಆಯಿತು. ನಿರ್ದೇಶಕರು ಒಂದೊಂದೇ ಕಾರ್ಡು ತೆಗೆದು, ಮನೆಯ ಹೆಸರು, ಯಜಮಾನರ ಹೆಸರು ಓದುವುದು, ಅವರು ಬರುವುದು, ಮುಖ್ಯ ಅತಿಥಿಗಳು ಕೊಡುವುದು, ಚಪ್ಪಾಳೆ. ಕೊನೆಗೆ ಆ ಮನೆಯ ಹೆಸರು ಬಂತು. ಅಣ್ಣ ಶಾಲು ಸರಿಮಾಡಿಕೊಂಡು ವೇದಿಕೆಗೆ ಹೋಗಿ, ಕಾರ್ಡು ಹಿಡಿದು ಬಂದು ತಮ್ಮನ ಪಕ್ಕದಲ್ಲಿ ಕೂತರು. ನಿರ್ದೇಶಕರ ಕೈಯಲ್ಲಿ ಇನ್ನೂ ಒಂದು ಕಾರ್ಡು ಉಳಿದಿತ್ತು. ತಾವು ಓದಿದ್ದನ್ನು ತಾವೇ ಕೇಳಿಸಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಅದೇ ಮನೆಯ ಹೆಸರು, ಅದೇ ಯಜಮಾನರ ಹೆಸರು, ಅಷ್ಟೇ ಗಟ್ಟಿಯಾಗಿ.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಪಕ್ಕದವಳನ್ನು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಒಲೆ ಎರಡಾಯ್ತಾ? ಯಾವಾಗ ಮಾರಾಯ್ತಿ? ನಮಗೆ ಗೊತ್ತೇ ಇಲ್ಲ."

ಅಣ್ಣ ಮಡಿಲಲ್ಲಿದ್ದ ಕಾರ್ಡನ್ನು ನೋಡಿದರು. ನಾನು ಏಳಲು ಹೋದೆ. ಎದ್ದು, ಇದು ಯಂತ್ರದ ತಪ್ಪು ಎಂದರೆ ನನ್ನ ಕೆಲಸ ಅಲ್ಲಿಗೆ ಮುಗಿಯಿತು ಎಂದು ಲೆಕ್ಕ ಹಾಕುತ್ತ ಅರ್ಧ ಎದ್ದಿದ್ದೆ. ಅಷ್ಟರಲ್ಲಿ ತಮ್ಮ ಎದ್ದರು. ಮುಂಡಿನ ಅಂಚು ಸರಿಮಾಡಿಕೊಂಡರು. ಅವಸರವಿಲ್ಲದೆ ವೇದಿಕೆಗೆ ನಡೆದು, ಎರಡೂ ಕೈ ಚಾಚಿ ಕಾರ್ಡು ತೆಗೆದುಕೊಂಡು, ಮುಖ್ಯ ಅತಿಥಿಗಳಿಗೆ ನಮಸ್ಕಾರ ಮಾಡಿದರು. ಎಲ್ಲರಿಗಿಂತ ಜೋರಾದ ಚಪ್ಪಾಳೆ ಅವರಿಗೇ ಬಿತ್ತು. ಇಳಿದು ಬಂದವರು ಅಣ್ಣನ ಪಕ್ಕದ ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲಿನ ಹತ್ತಿರ ನಿಂತುಕೊಂಡರು.

ನನ್ನ ಸಹೋದ್ಯೋಗಿ ಕಿವಿಯಲ್ಲಿ ಹೇಳಿದರು: "ಟೀಚರೇ, ನಿನ್ನೆ ಸಂಜೆಯ ಬಸ್ಸಿನ ಫ್ಲಾಪಿ."

ಕಾಪು, ಕಾರ್ಕಳದ ಕೇಂದ್ರಗಳಿಂದ ದಿನದ ಹೊಸ ಹೆಸರುಗಳಿದ್ದ ಫ್ಲಾಪಿ ಮಣಿಪಾಲಕ್ಕೆ ಬರುತ್ತಿದ್ದುದು ಬಸ್ಸಿನಲ್ಲಿ, ಕಂಡಕ್ಟರರ ಕೈಯಲ್ಲಿ. ನಮ್ಮ ಕಡೆ ಔಷಧಿ, ಮಲ್ಲಿಗೆ, ಮದುವೆಯ ಕಾಗದ ಎಲ್ಲವೂ ಹಾಗೆಯೇ ಹೋಗುವುದು. ಒಬ್ಬ ಕಂಡಕ್ಟರ್ ಮರೆತರೆ ಎಂದು ಅದರದ್ದೇ ನಕಲನ್ನು ಇನ್ನೊಂದು ಕಂಪನಿಯ ಬಸ್ಸಿನಲ್ಲಿಯೂ ಕಳಿಸುತ್ತಿದ್ದರು. ಇಬ್ಬರೂ ಮರೆಯುತ್ತಿರಲಿಲ್ಲ. ಮಧ್ಯಾಹ್ನದ್ದೂ ಬರುತ್ತಿತ್ತು, ಸಂಜೆಯದ್ದೂ ಬರುತ್ತಿತ್ತು. ಬಂದದ್ದನ್ನೆಲ್ಲ ನಾವು ಯಂತ್ರಕ್ಕೆ ಹಾಕುತ್ತಿದ್ದೆವು. ಹಳೆಯ ಟೇಬಲ್ ಎರಡನೆಯದನ್ನು ಸದ್ದಿಲ್ಲದೆ ಬಿಡುತ್ತಿತ್ತು. ಬಾಗಿಲಿಗೆ ಬೀಗ ಹಾಕಿ ಒಮ್ಮೆ ಜಗ್ಗಿ ನೋಡುವುದನ್ನು ಯಾರಾದರೂ ಎರಡು ಸಲ ಬೀಗ ಹಾಕಿದೆ ಎನ್ನುತ್ತಾರೆಯೇ? ಎರಡು ಸಲ ಬರೆಯುತ್ತಿದ್ದೇವೆ ಎಂದು ನಮಗೂ ಹಾಗೆಯೇ ತೋಚಿರಲಿಲ್ಲ. ಮಸ್ಕತ್ತಿಗೆ ಹೋದವರಿಗೆ ತೋಚಿತ್ತು.

ಸಭೆ ಮುಗಿದ ಮೇಲೆ ನಿರ್ದೇಶಕರನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಗಲ್ಲ ತುರಿಸಿಕೊಂಡರು.

"ಮುಖ್ಯ ಅತಿಥಿಗಳು ಕೈಯಾರೆ ಕೊಟ್ಟದ್ದು ಟೀಚರ್. ವಾಪಸು ಕೇಳ್ಲಿಕ್ಕೆ ಆಗುದಿಲ್ಲ."

"ಆದರೆ ಅದು ಒಂದೇ ಮನೆ ಸರ್."

"ಎರಡು ಕಾರ್ಡು ಇದ್ದ ಮೇಲೆ ಒಂದೇ ಮನೆ ಹೇಗಾಗ್ತದೆ? ನಮ್ಮ ನಿಯಮ ಉಂಟಲ್ಲ." ನಿಯಮವನ್ನು ಹಿಂದಿನಿಂದ ಮುಂದಕ್ಕೂ ಓದಬಹುದು ಎಂದು ನನಗೆ ಅಂದೇ ತಿಳಿದದ್ದು. ಅವರು ಮುಂದುವರಿಸಿದರು: "ಕಾರ್ಯಕ್ರಮ ಚಂದ ಆಯ್ತು. ನೀವು ಖಾಯಂ. ಆ ಹುಡುಗ ಹೇಳಿದ ಕಾವಲು ನಾಳೆಯೇ ಹಾಕಿ. ಆದರೆ ಎಂತಕ್ಕೆ ಹಾಕಿದ್ದು ಅಂತ ಬೆಂಗಳೂರಿಗೆ ಹೇಳುದು ಬೇಡ."

ಕಾವಲು ಹಾಕಿದೆ. ಸಂಜೆಯ ಬಸ್ಸಿನ ಫ್ಲಾಪಿ ಬಂದಾಗಲೆಲ್ಲ ಯಂತ್ರ ಎರರ್ ಎಂದು ಕೂಗುತ್ತಿತ್ತು, ನಾವು ಹೌದು ಹೌದು ಎನ್ನುತ್ತಿದ್ದೆವು. ಅತ್ತೆಗೆ ಖಾಯಂ ಆದ ಸುದ್ದಿ ಹೇಳಿದಾಗ, "ಮೆಷಿನಾ, ನೀನಾ?" ಎಂದು ಖಚಿತ ಮಾಡಿಕೊಂಡರು.

ಕಾಪುವಿನ ಸುದ್ದಿಯನ್ನು ನನ್ನ ಸಹೋದ್ಯೋಗಿ ಕಂತುಕಂತಾಗಿ ತರುತ್ತಿದ್ದರು. ತಮ್ಮ ಆ ಕಾರ್ಡನ್ನು ಅಣ್ಣನಿಗೆ ಕೊಡಲಿಲ್ಲವಂತೆ. ಊರಿನವರು ದಾರಿಯಲ್ಲಿ ಸಿಕ್ಕಿದಾಗೆಲ್ಲ ಹೊಸ ಮನೆ ಹೇಗುಂಟು ಎಂದು ಕೇಳುತ್ತಿದ್ದರಂತೆ. ಬೇರೆಯಾಗುವ ಎಂದು ಮೊದಲು ಬಾಯಿಬಿಟ್ಟವರು ಯಾರೂ ಇಲ್ಲ, ಆದ್ದರಿಂದ ಬೇಡ ಎನ್ನಬೇಕಾದವರೂ ಯಾರೂ ಇರಲಿಲ್ಲ. ಒಂದು ದಿನ ನಡುಮನೆಗೆ ಗೋಡೆ ಎದ್ದಿತು. ಜಗಳವಿಲ್ಲ, ಕೋರ್ಟಿಲ್ಲ.

ಮುಂದೆ ಒಮ್ಮೆ ಕಾಪುವಿನ ಕೇಂದ್ರದಲ್ಲಿ ನಾನಿದ್ದಾಗ ಅಣ್ಣ ರಕ್ತದೊತ್ತಡ ತೋರಿಸಲು ಬಂದರು. ನನ್ನ ಗುರುತು ಹಿಡಿದು ಪಕ್ಕದಲ್ಲಿ ಕೂತರು. ನಾನು ಕ್ಷಮೆ ಕೇಳುವ ಮಾತನ್ನು ಬಾಯಿಗೆ ತಂದುಕೊಳ್ಳುವಷ್ಟರಲ್ಲಿ ಅವರೇ ಹೇಳಿದರು:

"ಎಲ್ಲ ಸರಿ ಉಂಟು ಟೀಚರೇ. ತಮ್ಮ ದಿನಾ ಮಾತಾಡ್ತಾನೆ, ಮಕ್ಕಳು ಈಚೆ ಆಚೆ ಓಡಾಡ್ತವೆ, ತೊಂದರೆ ಎಂತ ಇಲ್ಲ. ಆದರೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಉಂಟಲ್ಲ, ಅದು ತಮ್ಮನ ಹೆಂಡತಿಯೇ ಮಾಡಬೇಕು. ನಮ್ಮವಳಿಗೆ ಆ ಹುಳಿ ಬರುದಿಲ್ಲ. ಕೇಳುದು ಹೇಗೆ ಹೇಳಿ? ಪರಿಮಳ ಗೋಡೆ ದಾಟಿ ಬರ್ತದೆ. ಸಾರು ಬರುದಿಲ್ಲ."